ರಸೀದಿ ಹರಿಯುವ ಮುನ್ನ

ಊರ ದೇವಸ್ಥಾನದ ಜೀರ್ಣೋದ್ಧಾರವೆಂದು ರಸೀದಿ ಪುಸ್ತಕ ಹಿಡಿದು ಬಂದವರನ್ನು ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡಿಗರಾದ ನಾವು ಎಂದಾದರೂ ಬರಿಗೈಯಲ್ಲಿ ಕಳಿಸಿದ್ದುಂಟೆ? ಆ ಹಣದಿಂದ ಏನು ನಡೆಯಿತೆಂದು ಕೇಳಿದ್ದುಂಟೆ? ಮೇ ತಿಂಗಳ ರಜೆಗೆ ಊರಿಗೆ ಹೋದಾಗ ಕಾಣುತ್ತದೆ: ಅಜ್ಜನ ಕಾಲದ ಮರದ ಕಂಬಗಳು ಮಾಯ, ಕಲ್ಲಿನ ಗೋಡೆಗೆ ಸಿಮೆಂಟು, ಅದರ ಮೇಲೆ ಆಯಿಲ್ ಪೇಂಟು, ನೆಲಕ್ಕೆ ಬಚ್ಚಲುಮನೆಯ ಟೈಲ್ಸು. ದಾನಿಗಳ ಫಲಕದಲ್ಲಿ ಮಾತ್ರ ನಮ್ಮ ಹೆಸರು ಭದ್ರ! ಇದಕ್ಕೆ ಉದ್ಧಾರವೆನ್ನಬೇಕೆ?

ಫೋರ್ಟಿನ ಕಚೇರಿಗಳಿಗೆ ಓಡುವ ನಾವು ರಾಜಾಬಾಯಿ ಗೋಪುರದ ಗಡಿಯಾರ ನೋಡಿ ಹೆಜ್ಜೆ ಚುರುಕುಗೊಳಿಸುವವರು. 1878ರಲ್ಲಿ ಮುಗಿದ ಆ ಗೋಪುರವನ್ನೂ ಅದರ ಬುಡದ ವಿಶ್ವವಿದ್ಯಾಲಯ ಗ್ರಂಥಾಲಯವನ್ನೂ ನಮ್ಮ ಕಾಲದಲ್ಲಿ ಉಳಿಸಿಕೊಟ್ಟ ವಾಸ್ತುಶಿಲ್ಪಿ ಕೊಡಗಿನ ಚಿಣ್ಣಪ್ಪನವರ ಮಗಳು ಬೃಂದಾ ಸೋಮಾಯಾ. 2018ರಲ್ಲಿ ಯುನೆಸ್ಕೊ ಈ ಕೆಲಸವನ್ನು ಗೌರವಿಸಿತು. 2004ರಲ್ಲಿ ಸೇಂಟ್ ಥಾಮಸ್ ಕೆಥೆಡ್ರಲ್ಲಿಗೆ, 2019ರಲ್ಲಿ ಅಹಮದಾಬಾದಿನ ಐ.ಐ.ಎಂ. ಗ್ರಂಥಾಲಯಕ್ಕೆ ಅವರು ಮಾಡಿದ ಕೆಲಸಕ್ಕೂ ಅದೇ ಮನ್ನಣೆ. ಆದರೆ ಅದೇ ಐ.ಐ.ಎಂ. 2020ರಲ್ಲಿ, ಲೂಯಿ ಕಾನ್ ರೂಪಿಸಿದ 18 ವಸತಿಗೃಹಗಳಲ್ಲಿ 14ನ್ನು ಕೆಡಹಲು ಹೊರಟಿತು! ಲೋಕವೆಲ್ಲ ಕೂಗೆದ್ದ ಮೇಲೆ ಹಿಂದೆಗೆದರೂ 2022ರಲ್ಲಿ ಮತ್ತೆ ಅದೇ ರಾಗ. ಕಲಿತವರ ಕಥೆಯೇ ಹೀಗಾದರೆ ಊರ ಸಮಿತಿಯವರನ್ನು ಎಷ್ಟೆಂದು ಬೈಯೋಣ?

ಇಂಥವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ‘ನಮ್ಮವರು’ ಎಂದು ಬೀಗುವುದಕ್ಕೆ ನಾವು ಮುಂದು. ಅವರ ವಿದ್ಯೆ ಮಾತ್ರ ನಮ್ಮೂರಿಗೆ ಬೇಡ. ಬಿ.ಎಸ್ಸಿ.ಯಲ್ಲಿ ಕಲಿತ ಅಷ್ಟಿಷ್ಟು ರಸಾಯನಶಾಸ್ತ್ರ ಸಾಕು ಇದನ್ನು ತಿಳಿಯಲು: ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಒಳಗೇ ಹಿಡಿಯುತ್ತದೆ. ನೀರಿನೊಡನೆ ಏರಿದ ಲವಣ ಅಲ್ಲಿ ಹರಳುಗಟ್ಟಿ ಕಲ್ಲಿನ ಪದರವನ್ನೇ ಎಬ್ಬಿಸುತ್ತದೆ. ಭದ್ರವಾಗಲೆಂದು ಬಳಿದದ್ದೇ ಗೋಡೆಯನ್ನು ತಿನ್ನುತ್ತದೆ.

ಸೋರುವ ಮಾಡಿನಡಿ ದೇವರನ್ನು ಕೂರಿಸಬೇಕೆ ಎಂದು ಸಮಿತಿಯವರು ಕೇಳಿಯಾರು. ಬೇಡ, ಮಾಡನ್ನು ರಿಪೇರಿ ಮಾಡಿಸಿ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು 1991ರಿಂದ 200ಕ್ಕೂ ಹೆಚ್ಚು ಹಳೆಯ ದೇಗುಲಗಳನ್ನು ಎತ್ತಿ ನಿಲ್ಲಿಸಿಲ್ಲವೆ? ದೂರವೇಕೆ, ಕಲ್ಯಾಣದಾಚೆ ಮೂರನೆಯ ಸ್ಟೇಷನ್ನಿನಲ್ಲಿಳಿದು ಅಂಬರನಾಥದ ಶಿವಾಲಯ ನೋಡಿ ಬನ್ನಿ. ಅದು 1060ರದೆಂದು ಗೊತ್ತಾದದ್ದು ಅಲ್ಲಿಯ ಶಾಸನದಿಂದ. ಯಾರೋ ಉತ್ಸಾಹಿ ದಾನಿ ಅದರ ಮೇಲೆ ಆಯಿಲ್ ಪೇಂಟು ಬಳಿಸಿದ್ದರೆ?

ಬರುವ ತಿಂಗಳು ನಮ್ಮಲ್ಲಿಗೆ ಮತ್ತೊಂದು ರಸೀದಿ ಪುಸ್ತಕ ಬರುವುದಿದೆ. ಈಗಿರುವ ಕಟ್ಟಡದ ಅಳತೆಯ ನಕ್ಷೆ ಎಲ್ಲಿ, ಹಳೆಯದನ್ನು ಉಳಿಸಬಲ್ಲ ವಾಸ್ತುಶಿಲ್ಪಿ ಯಾರು ಎಂದು ಕೇಳುವವರಿದ್ದೇವೆ. ಉತ್ತರ ಸಿಕ್ಕರೆ ಹಣ. ಇಲ್ಲವಾದರೆ ಚಹಾ ಕುಡಿಸಿ ಕಳಿಸುತ್ತೇವೆ.