ಕಡಲಿಗೆ ಕಲ್ಲು, ಕಾಂಡ್ಲಾಕ್ಕೆ ಬರಿಗೈ

ಮಳೆಗಾಲ ಬಂದರೆ ಸಾಕು, ನಮ್ಮ ಕರಾವಳಿಯಲ್ಲಿ ಸರಕಾರಿ ಖರ್ಚಿನ ಒಂದು ಜಾತ್ರೆ ನಡೆಯುತ್ತದೆ. ಉಳ್ಳಾಲದಲ್ಲೋ ಮರವಂತೆಯಲ್ಲೋ ಕಡಲು ಕೊರೆಯುತ್ತದೆ, ಮಂತ್ರಿಗಳು ಬರುತ್ತಾರೆ, ಲಾರಿಗಟ್ಟಲೆ ಬಂಡೆಕಲ್ಲು ಬಂದು ಬೀಳುತ್ತದೆ. ಕೆಲವು ಮಳೆಗಾಲ ಕಳೆಯುವುದರೊಳಗೆ ಕಲ್ಲು ಮರಳಲ್ಲಿ ಹೂತು, ಅಲೆ ಪಕ್ಕದ ಊರಿನ ತೆಂಗಿನ ಬುಡಕ್ಕೆ ತಿರುಗುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದೆಂದರೆ ಇದೇ.

ಮನೆಯ ಜಗಲಿಗೇ ಅಲೆ ಬಡಿಯುವಾಗ ಕಲ್ಲು ಬೇಡವೆನ್ನುವಷ್ಟು ಕಲ್ಲೆದೆ ನಮ್ಮದಲ್ಲ. ನಮ್ಮ ತಕರಾರು ಇಷ್ಟೆ: ದಂಡೆಯನ್ನು ಕಾಯುವ ಮರಳದಿಬ್ಬಕ್ಕೂ, ಪತ್ರಿಕೆಗಳು ಮ್ಯಾಂಗ್ರೋವ್ ಎಂದು ಕರೆಯುವ, ಅಳಿವೆಯಲ್ಲಿ ಮೀನಮರಿಗಳಿಗೆ ತೊಟ್ಟಿಲಾದ ಕಾಂಡ್ಲಾವನಕ್ಕೂ ಬೊಕ್ಕಸದಲ್ಲಿ ಸ್ವಂತ ಪಾಲು ಏಕಿಲ್ಲ?

2023ರ ಕೇಂದ್ರ ಬಜೆಟ್ಟಿನಲ್ಲಿ ಕಾಂಡ್ಲಾ ಬೆಳೆಸಲು ‘ಮಿಷ್ಟಿ’ ಯೋಜನೆಯನ್ನು ಸಾರಿದರು. ಐದು ವರ್ಷಗಳಲ್ಲಿ ದೇಶದಲ್ಲಿ ಸುಮಾರು 540 ಚದರ ಕಿಲೋಮೀಟರ್ ಎಂಬ ಗುರಿ. ಸಂತೋಷವೇ. ಆದರೆ ಹಣ? ಗ್ರಾಮೀಣ ಉದ್ಯೋಗ ಯೋಜನೆಯಿಂದ ಇಷ್ಟು, ಕಾಡು ಕಡಿದವರು ಕಟ್ಟಿದ ಪರಿಹಾರ ನಿಧಿಯಿಂದ ಇಷ್ಟು ಕೂಡಿಸಿಕೊಳ್ಳುವುದೆಂದು ಆಗ ಹೇಳಿದರು. ಅಂದರೆ ಎಲ್ಲೋ ಒಂದು ಕಾಡು ಬಿದ್ದರೆ ಇಲ್ಲೊಂದು ಗಿಡಕ್ಕೆ ಕಾಸು! ಮುನ್ನೂರು ಕಿಲೋಮೀಟರಿಗೂ ಮಿಕ್ಕ ಕರಾವಳಿಯುಳ್ಳ ಕರ್ನಾಟಕದಲ್ಲಿ 2021ರ ಅರಣ್ಯ ವರದಿ ಕಂಡ ಕಾಂಡ್ಲಾ ಬರೇ 13 ಚದರ ಕಿಲೋಮೀಟರ್.

ಹಣ ಬಂದರಷ್ಟೇ ಸಾಲದು. ನೆಟ್ಟ ಸಸಿಗಳ ಸಂಖ್ಯೆ ಬರೆದು ಬಿಲ್ಲು ಪಾಸು ಮಾಡುವ ಪದ್ಧತಿ ಸಲ್ಲದು. ಭರತ-ಇಳಿತ ತಡೆಯಿಲ್ಲದೆ ಆಡುವ ಕೆಸರಿನಲ್ಲಿ ಮಾತ್ರ ಕಾಂಡ್ಲಾ ಬೇರೂರುತ್ತದೆ. ಆ ಜಾಗ ಯಾವುದೆಂದು ಅಘನಾಶಿನಿಯಲ್ಲಿ ಚಿಪ್ಪಿ ಹೆಕ್ಕುವ ಹೆಂಗಸರಿಗೆ, ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವ ರೈತರಿಗೆ ಗೊತ್ತು. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಈ ಜನರ ಮಾತೂ ಕಡತಕ್ಕೆ ಸೇರಲಿ. ಐದು ವರ್ಷದ ಮೇಲೆ, ಬದುಕಿರುವ ಗಿಡಗಳನ್ನು ಎಣಿಸಿ ಕೊನೆಯ ಕಂತು ಕೊಡಲಿ.

ಮುಂಬಯಿಯಲ್ಲಿರುವ ನಮಗೇಕೆ ಈ ಉಸಾಬರಿ ಎನ್ನುವವರುಂಟು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ಮೀಠಿ ನದಿಯ ಬದಿಯ ಕಾಂಡ್ಲಾ ಮುಚ್ಚಿ ಕಟ್ಟಡ ಎಬ್ಬಿಸಿದ್ದರ ಫಲವನ್ನು ನಮ್ಮವರೂ ಉಂಡಿದ್ದಾರೆ. ಕಾಂಡ್ಲಾ ನಾಶವೆಂದರೆ ಜನರ ಬದುಕುವ ಹಕ್ಕಿಗೇ ಧಕ್ಕೆಯೆಂದು 2018ರಲ್ಲಿ ಇಲ್ಲಿಯ ಹೈಕೋರ್ಟೇ ಹೇಳಿತು.

ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ವಂತಿಗೆ ಕಳಿಸಿ ಲೆಕ್ಕ ಕೇಳುವ ನಾವು, ಅಳಿವೆಗೆಂದು ಮಂಜೂರಾದ ಹಣದ ಲೆಕ್ಕವನ್ನೂ ಈ ಸಲ ಊರಿಗೆ ಹೋದಾಗ ಪಂಚಾಯತಿಯಲ್ಲಿ ಕೇಳೋಣ. ನಾವು ಕಟ್ಟಿದ ತೆರಿಗೆಯೂ ಅದರಲ್ಲಿದೆ.