ಸಾಫ್ಟ್‌ವೇರ್ ತಪ್ಪು ಅಂತ ಹೇಳಿಬಿಡು

"ಹುಡುಗನ ಭವಿಷ್ಯ ಹಾಳು ಮಾಡಿಬಿಟ್ಟೆಯಲ್ಲೋ..."

ಹೋದ ಭಾನುವಾರ ಒಂದು ನಾಮಕರಣದ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ದೊಡ್ಡಪ್ಪ ನನಗೆ ಹೀಗಂದರು. ಹೋಳಿಗೆ ಬಡಿಸಿಯಾಗಿತ್ತು, ಹಿಂದೆಯೇ ತುಪ್ಪದವರು ಬರ್ತಿದ್ರು, ಎದುರಿನ ಪಂಕ್ತಿಯಲ್ಲಿ ಅರ್ಧ ನೆಂಟರು ಕಿವಿ ಇಟ್ಟು ಕೂತಿದ್ರು. ನಾನು ಏನೂ ಹೇಳದೆ ಹೋಳಿಗೆ ತಿಂದು ಎದ್ದು ಬಂದೆ. ಆದರೆ ನಾಲ್ಕು ದಿನದಿಂದ ಅದೇ ಮಾತು ತಲೆ ಕೊರೀತಾ ಇದೆ. ಅಲ್ಲಿ ಕೊಡದ ಉತ್ತರ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ವಿಷಯ ಇಷ್ಟು. ನನ್ನ ಚಿಕ್ಕಮ್ಮನ ಮಗನಿಗೆ 17 ವರ್ಷ. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿ ರಜೆಯಲ್ಲಿ ಮನೆ ಹತ್ತಿರದ ಬೇಕರಿಯೊಂದಕ್ಕೆ ಸೇರಿಕೊಂಡ. ಸಂಜೆ 5ರಿಂದ 9ರ ತನಕ ಕೌಂಟರ್ ಕೆಲಸ, ತಿಂಗಳಿಗೆ 6,000 ರೂಪಾಯಿ. ಮೊದಲ ಸಂಬಳದಲ್ಲಿ ಅಮ್ಮನಿಗೆ ಒಂದು ಕುಕ್ಕರ್ ತಂದುಕೊಟ್ಟ. ಚಿಕ್ಕಮ್ಮ ಆ ಕುಕ್ಕರಿನ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇ ಹಾಕಿದ್ದು. ದೊಡ್ಡಪ್ಪನೂ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದರು.

ಎರಡನೇ ತಿಂಗಳ ಕೊನೆಗೆ ಓನರ್ ಫೋನ್ ಮಾಡಿದರು. "ಲೆಕ್ಕ ಸರಿ ಹೋಗ್ತಿಲ್ಲಮ್ಮ, ಯಾರಾದ್ರೂ ಬಂದು ನೋಡಿ" ಅಂತ. ಮನೆಯಲ್ಲಿ 'ಕಂಪ್ಯೂಟರ್ ಗೊತ್ತಿರೋನು' ಅಂದ್ರೆ ನಾನೇ ತಾನೆ, ನನ್ನನ್ನೇ ಕರೆದರು. ದಾರಿಯಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ಕೇಳಿ: "ಅಲ್ಲಿ ಏನೇ ಇರಲಿ, ಸಾಫ್ಟ್‌ವೇರ್ ತಪ್ಪು ಅಂತ ಹೇಳಿಬಿಡು. ನೀನು ಇಂಜಿನಿಯರ್, ನಂಬ್ತಾರೆ."

ನಂಬ್ತಿದ್ರು, ನಿಜ. ಬಗ್ ಇದೆ ಅನ್ನೋದು ನಮ್ಮ ವೃತ್ತಿಯಲ್ಲಿ ಕಷ್ಟದ ಮಾತೇನಲ್ಲ, ದಿನಾ ಹೇಳ್ತೀವಿ :-)

ಓನರ್ ಹಾಸನದ ಕಡೆಯವರು. ಹುಡುಗನಾಗಿದ್ದಾಗ ಬೆಂಗಳೂರಿಗೆ ಬಂದು ಇನ್ನೊಬ್ಬರ ಬೇಕರಿಯಲ್ಲಿ ಮೈದಾ ಮೂಟೆ ಮೇಲೆ ಮಲಗಿ ಕೆಲಸ ಕಲಿತವರು. ಕೂಗಾಡಲಿಲ್ಲ. ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ಟೀ ತರೋಕೆ ಹೋದರು.

ಅದರಲ್ಲಿದ್ದ ಕೈಚಳಕ ತುಂಬಾ ಸರಳ. ಗಿರಾಕಿ ನಗದು ಕೊಡ್ತಾರೆ, ಬಿಲ್ ಪ್ರಿಂಟ್ ಆಗುತ್ತೆ, ಪಫ್ ತಗೊಂಡು ಹೊರಡ್ತಾರೆ. ಬಿಲ್ ಯಾರು ಒಯ್ತಾರೆ ಹೇಳಿ? ಅವರು ಬೆನ್ನು ತಿರುಗಿಸಿದ ಮೇಲೆ ಆ ಬಿಲ್ ಕ್ಯಾನ್ಸಲ್ ಮಾಡಿದರೆ ಲೆಕ್ಕದ ಪ್ರಕಾರ ಮಾರಾಟವೇ ಆಗಿಲ್ಲ. ಗಲ್ಲಾದಲ್ಲಿ ಉಳಿದ ದುಡ್ಡು ಜೇಬಿಗೆ. ಆದರೆ ಕ್ಯಾನ್ಸಲ್ ಆದ ಬಿಲ್ ಅಳಿಸಿ ಹೋಗಲ್ಲ, ಯಾವ ಲಾಗಿನ್‌ನಿಂದ ಎಷ್ಟು ಗಂಟೆಗೆ ಆಯ್ತು ಅಂತ ಒಳಗೆ ದಾಖಲಾಗಿರುತ್ತೆ. ಎರಡು ತಿಂಗಳಲ್ಲಿ 41 ಬಿಲ್, ಒಟ್ಟು 5,870 ರೂಪಾಯಿ. ಎಲ್ಲಾ ನಗದು, ಎಲ್ಲಾ ಅವನ ಲಾಗಿನ್, ಎಲ್ಲಾ ಓನರ್ ಒಳಗೆ ಓವನ್ ಹತ್ತಿರ ಇರೋ ಹೊತ್ತಲ್ಲಿ. ಯುಪಿಐ ಬಿಲ್ ಒಂದೂ ಕ್ಯಾನ್ಸಲ್ ಆಗಿಲ್ಲ, ಯಾಕಂದ್ರೆ ಆ ದುಡ್ಡು ನೇರ ಓನರ್ ಖಾತೆಗೆ ಹೋಗುತ್ತೆ, ಪಕ್ಕದ ಡಬ್ಬಿ ಕೂಗಿ ಹೇಳಿಬಿಡುತ್ತೆ. ನಗದು ಬಿಲ್ ಮಾತ್ರ ಆರಿಸಿಕೊಳ್ಳೋ ಬಗ್ ನಾನಂತೂ ಇನ್ನೂ ನೋಡಿಲ್ಲ.

"ಸಾಫ್ಟ್‌ವೇರ್ ಸರಿಯಾಗಿದೆ" ಅಂದೆ. ದೊಡ್ಡಪ್ಪನ ಪ್ರಕಾರ ನಾನು ಹಾಳು ಮಾಡಿದ್ದು ಇಷ್ಟೇ.

ಅವತ್ತು ರಾತ್ರಿ ಮನೆಯಲ್ಲಿ ನಡೆದದ್ದು ಇನ್ನೊಂದು ರಾಮಾಯಣ. ಚಿಕ್ಕಪ್ಪ ಬೆಲ್ಟ್ ತೆಗೆದರು. ಎರಡು ಏಟು ಬಿದ್ದ ಮೇಲೆ ಚಿಕ್ಕಮ್ಮ ಅಡ್ಡ ಬಂದಳು. ಅಷ್ಟೊತ್ತಿಗೆ ಇಬ್ಬರ ತಲೆಯಲ್ಲೂ ಒಂದೊಂದು ಪರಿಹಾರ ತಯಾರಾಗಿತ್ತು. ಚಿಕ್ಕಮ್ಮನದು: ಹತ್ತು ಸಾವಿರ ಕವರಿಗೆ ಹಾಕಿ ಓನರಿಗೆ ಕೊಟ್ಟು ಬಾಯಿ ಮುಚ್ಚಿಸೋದು, ಊರಿಗೆಲ್ಲ 'ಸಿಇಟಿ ಕೌನ್ಸೆಲಿಂಗ್ ಅಂತ ಕೆಲಸ ಬಿಡಿಸಿದ್ವಿ' ಅನ್ನೋದು. ಚಿಕ್ಕಪ್ಪನದು ಇನ್ನೂ ಜೋರು: "17 ವರ್ಷದ ಹುಡುಗನ್ನ ರಾತ್ರಿ ಒಂಬತ್ತರವರೆಗೆ ದುಡಿಸಿದಾನೆ, ಕಾರ್ಮಿಕ ಇಲಾಖೆಗೆ ದೂರು ಕೊಡ್ತೀನಿ ಅಂದ್ರೆ ತೆಪ್ಪಗಾಗ್ತಾನೆ."

ಚಿಕ್ಕಪ್ಪ ಹೇಳಿದ ಕಾನೂನು ನಿಜವಾಗಿಯೂ ಇದೆ. 1986ರ ಬಾಲಕಾರ್ಮಿಕ ಕಾಯ್ದೆ, 2016ರಲ್ಲಿ ತಿದ್ದುಪಡಿ ಆಗಿದ್ದು. 14 ತುಂಬಿ 18 ತುಂಬದವರನ್ನು ಅಪಾಯವಿಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು, ಆದರೆ ಸಂಜೆ 7ರಿಂದ ಬೆಳಗ್ಗೆ 8ರ ತನಕ ದುಡಿಸುವ ಹಾಗಿಲ್ಲ. ಓನರ್ ಮಾಡಿದ್ದು ತಪ್ಪೇ. ನಾನು ಅವರಿಗೂ ಅದನ್ನ ಹೇಳಿದೆ. ಆದರೆ ಚಿಕ್ಕಪ್ಪ, ಎರಡು ತಿಂಗಳು ದಿನಾ ರಾತ್ರಿ ಒಂಬತ್ತೂಕಾಲಿಗೆ ಮಗನಿಗೆ ಬಾಗಿಲು ತೆಗೆದಿದ್ದು ನೀವೇ ಅಲ್ವಾ? ಅವತ್ತು ನೆನಪಾಗದ ಕಾನೂನು ಕಳ್ಳತನ ಸಿಕ್ಕಿಬಿದ್ದ ರಾತ್ರಿಯೇ ಯಾಕೆ ನೆನಪಾಯ್ತು? ಮಕ್ಕಳನ್ನು ಕಾಪಾಡೋಕೆ ಇರೋ ಕಾನೂನನ್ನ ಚೌಕಾಸಿಗೆ ಇಟ್ಟರೆ ಅದಕ್ಕೆ ಬೆದರಿಕೆ ಅಂತಾರೆ.

ನನ್ನ ಜಗಳ ಇರೋದು ಇಲ್ಲೇ. ನೋಡೋಕೆ ಬೆಲ್ಟು, ಕವರು, ಬೆದರಿಕೆ ಮೂರೂ ಬೇರೆ ಬೇರೆ. ನನಗೆ ಮೂರೂ ಒಂದೇ. ಮೂರರಲ್ಲೂ ಹುಡುಗ ಓನರ್ ಮುಖ ನೋಡಬೇಕಾಗಿಲ್ಲ! ಬೆಲ್ಟಿನ ಏಟು ತಿಂದರೆ ಅಪ್ಪನ ಸಾಲ ತೀರಿತು, ಓನರ್ ಸಾಲ ಹಾಗೇ ಇರುತ್ತೆ. ಕವರ್ ಕೊಟ್ಟರೆ ಕದ್ದಿದ್ದಕ್ಕೆ ಬೆಲೆ ಇದೆ, ಅದನ್ನ ಅಮ್ಮ ಕಟ್ಟುತ್ತಾಳೆ ಅಂತ ಗೊತ್ತಾಗುತ್ತೆ. ಬೆದರಿಕೆ ಹಾಕಿದರೆ ಎದುರಿನವನ ತಪ್ಪು ಹುಡುಕಿದರೆ ಸಾಕು ಅಂತ ಕಲೀತಾನೆ. 'ಹುಡುಗನಿಗೆ ಬುದ್ಧಿ ಬರಲಿ' ಅಂತ ಮಾಡಿದ ಮೂರು ಉಪಾಯಗಳಲ್ಲೂ ಹುಡುಗನಿಗೆ ಮಾಡೋಕೆ ಕೆಲಸವೇ ಇಲ್ಲ.

ಇನ್ನೊಬ್ಬ ಮಾವ ಫೋನಿನಲ್ಲೇ ಪೊಲೀಸರಿಗೆ ಒಪ್ಪಿಸಿ ಅಂದರು. ಮಾವ, 2015ರ ಬಾಲನ್ಯಾಯ ಕಾಯ್ದೆ ಓದಿ. 18 ತುಂಬದವರನ್ನು ಲಾಕಪ್ಪಿಗಾಗಲೀ ಜೈಲಿಗಾಗಲೀ ಹಾಕುವಂತಿಲ್ಲ. ಆ ವಯಸ್ಸಿನವರು ತಿದ್ದಿಕೊಳ್ತಾರೆ ಅಂತ ಸರ್ಕಾರವೇ ನಂಬಿದೆ. ನಂಬದೇ ಇರೋದು ನಾವು.

ಗಾಂಧಿ ಕಥೆಯನ್ನೂ ಯಾರೋ ಗ್ರೂಪಿಗೆ ಹಾಕಿದರು. ಹದಿನೈದನೇ ವಯಸ್ಸಲ್ಲಿ ಅಣ್ಣನ ತೋಳಿನ ಕಡಗದಿಂದ ಚೂರು ಬಂಗಾರ ಕದ್ದಿದ್ದು, ತಪ್ಪೊಪ್ಪಿಗೆ ಓದಿದ ಅಪ್ಪ ಕಣ್ಣೀರಿಟ್ಟು ಚೀಟಿ ಹರಿದು ಹಾಕಿದ್ದು. ಎಲ್ಲರಿಗೂ ಅಪ್ಪನ ಕಣ್ಣೀರು ನೆನಪಿದೆ, 'ಕ್ಷಮಿಸಿಬಿಡಿ ಮತ್ತೆ' ಅಂತ ಬುದ್ಧಿವಾದ ಬೇರೆ. ಆದರೆ ಚೀಟಿ ಬರೆದವನು ಯಾರು? ಕೈಯಾರೆ ತಂದುಕೊಟ್ಟು, ಶಿಕ್ಷೆ ಕೊಡಿ ಅಂತ ಕೇಳಿದವನು ಯಾರು? ಮೋಹನದಾಸನ ತಾಯಿಯೇನೂ ಅವನ ಪರವಾಗಿ ಕವರ್ ಕೊಟ್ಟು ಬರಲಿಲ್ಲ.

ಇಷ್ಟು ಭಾಷಣ ಬಿಗಿದ ಮೇಲೆ ನನ್ನ ಕಥೆಯನ್ನೂ ಹೇಳಲೇಬೇಕು.

ಅವತ್ತು ರಾತ್ರಿ ಅವನನ್ನ ಟೆರೇಸಿಗೆ ಕರ್ಕೊಂಡು ಹೋಗಿ ದೊಡ್ಡ ಮನುಷ್ಯನ ಥರ "ಯಾಕೋ ಹೀಗೆ ಮಾಡ್ದೆ?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ತಲೆ ಎತ್ತದೆ ಅಂದ: "ಬಾಡಿಗೆ ರಸೀದಿ ಬರೆಸಿದ್ಯಲ್ಲ ಅಣ್ಣ, ಅದೇನು?"

ನಾನಿರೋದು ಅಪ್ಪನ ಮನೆಯಲ್ಲಿ. ಅಪ್ಪನಿಗೆ ಒಂದು ಪೈಸೆ ಬಾಡಿಗೆ ಕೊಟ್ಟಿಲ್ಲ. ಆದರೂ ಆಫೀಸಿಗೆ ಎಚ್‌ಆರ್‌ಎ ಲೆಕ್ಕ ತೋರಿಸೋಕೆ ಹನ್ನೆರಡು ರಸೀದಿ ಬೇಕಿತ್ತು. ಇವನ ಅಕ್ಷರ ದುಂಡಗಿದೆ ಅಂತ ಕೂರಿಸಿ ಬರೆಸಿದ್ದೆ. ರೆವಿನ್ಯೂ ಸ್ಟಾಂಪ್ ಅಂಟಿಸಿದ್ದೂ ಅವನೇ. ಕೂಲಿ ನೂರು ರೂಪಾಯಿ. "ಇದೆಲ್ಲಾ ಎಲ್ಲರೂ ಮಾಡ್ತಾರೆ ಕಣೋ" ಅಂತ ಪಾಠ ಉಚಿತ.

ಅವನು ಕದ್ದಿದ್ದು 5,870. ನಾನು ಉಳಿಸಿದ ತೆರಿಗೆ ಅದರ ಹತ್ತು ಪಟ್ಟಿಗಿಂತ ಜಾಸ್ತಿ. ಅವನದು ಕಳ್ಳತನ, ನನ್ನದು 'ಟ್ಯಾಕ್ಸ್ ಪ್ಲಾನಿಂಗ್'. ಪುಣ್ಯಕೋಟಿ ಕಥೆ ಹೇಳಿ ಮಕ್ಕಳಿಗೆ ಅನ್ನ ತಿನ್ನಿಸ್ತೀವಿ, ಅದೇ ಕೈಯಲ್ಲಿ ರಸೀದಿ ಬರೆಸ್ತೀವಿ. ಮಕ್ಕಳು ಕಥೆಯನ್ನಲ್ಲ, ಕೈಯನ್ನ ನೋಡ್ತಿರ್ತಾರೆ. ಹಾಗಂತ ಅವನ ತಪ್ಪು ನನ್ನ ತಪ್ಪಿನಿಂದ ಮಾಫಿ ಆಗಲ್ಲ, ಅದನ್ನೂ ಅವನಿಗೆ ಅಲ್ಲೇ ಹೇಳಿದೆ. ಹೇಳೋವಾಗ ದನಿ ಮಾತ್ರ ಮೊದಲಿನ ಥರ ಇರಲಿಲ್ಲ.

ಹೋದ ತಿಂಗಳು ಅಪ್‌ಡೇಟೆಡ್ ರಿಟರ್ನ್ ಹಾಕಿದೆ. ಒಂದು ವರ್ಷದ ತೆರಿಗೆ, ಬಡ್ಡಿ, ಅದರ ಮೇಲೆ ಶೇ. 25 ಹೆಚ್ಚುವರಿ. ಅದರ ಹಿಂದಿನ ವರ್ಷದ್ದು ಇನ್ನೂ ಬಾಕಿ ಇದೆ, ಅದಕ್ಕೆ ಶೇ. 50. ಇಲ್ಲಿ ಬರೆದ ಮೇಲೆ ಇನ್ನು ತಪ್ಪಿಸಿಕೊಳ್ಳೋ ಹಾಗಿಲ್ಲ.

ಇನ್ನು ಚಿಕ್ಕಮ್ಮನ ವಿಷಯ. ಅವಳನ್ನ ಇಷ್ಟು ಹೊತ್ತು ಬೈದಿದ್ದೀನಿ, ಇದನ್ನೂ ಹೇಳಬೇಕು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದವಳು ಮೂರನೇ ದಿನ ಸಂಜೆ ಕವರ್ ಬೀರುವಿನಲ್ಲೇ ಇಟ್ಟು, ಮಗನನ್ನ ಕರ್ಕೊಂಡು ಬೇಕರಿ ತನಕ ನಡೆದಳು. ಒಳಗೆ ಹೋಗಲಿಲ್ಲ. ರಸ್ತೆಯ ಈಚೆ ಕಡೆ ನಿಂತುಕೊಂಡು "ಹೋಗು, ನೀನೇ ಹೇಳು" ಅಂದಳು. ಒಳಗೆ ಅವನಿದ್ದದ್ದು ಐದು ನಿಮಿಷ ಇರಬಹುದು. ತನ್ನ ಆಯಸ್ಸಲ್ಲೇ ಅಷ್ಟು ಉದ್ದದ ಐದು ನಿಮಿಷ ನೋಡಿಲ್ಲ ಅಂತಾಳೆ. ಬೆಲ್ಟಿಗೂ ಕವರಿಗೂ ಬೇಡದ ಧೈರ್ಯ ಹಾಗೆ ಸುಮ್ಮನೆ ನಿಲ್ಲೋದಕ್ಕೆ ಬೇಕು.

ಓನರ್ ತಬ್ಬಿಕೊಂಡು ಅಳಲಿಲ್ಲ, ಸಿನಿಮಾ ಅಲ್ಲ ಇದು. "ನೀನೇ ಬಂದು ಹೇಳಿದ್ದು ಒಳ್ಳೇದಾಯ್ತು. ದುಡ್ಡು ನಿಧಾನಕ್ಕೆ ಕೊಡು. ಕೆಲಸಕ್ಕೆ ಮಾತ್ರ ಬರಬೇಡ" ಅಂದರಂತೆ. ಸರಿಯಾಗೇ ಇದೆ. ಕ್ಷಮೆ ಕೇಳಿದ ಮಾತ್ರಕ್ಕೆ ಗಲ್ಲಾ ಕೀಲಿ ವಾಪಸ್ ಸಿಗಬೇಕು ಅಂತೇನೂ ಇಲ್ಲ.

ಈಗ ಅವನು ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿಗೆ ಲೆಕ್ಕ ಹೇಳಿಕೊಡ್ತಾನೆ. ತಿಂಗಳಿಗೆ 1,500. ಮೂರು ಕಂತು ಕೊಟ್ಟಾಗಿದೆ, ಇನ್ನೊಂದು ಬಾಕಿ. ಪ್ರತಿ ಸಲವೂ ತಾನೇ ಹೋಗಿ ಓನರ್ ಕೈಗೆ ಕೊಡ್ತಾನೆ. ಚಿಕ್ಕಪ್ಪ ಇನ್ನೂ ಆ ಬೇಕರಿ ದಾರಿ ಬಿಟ್ಟು ಸುತ್ತಿಕೊಂಡು ಹೋಗ್ತಾರೆ. ಹುಡುಗ ಸುತ್ತಲ್ಲ.

ಇದನ್ನೆಲ್ಲ ಬರೆಯೋಕೆ ಮೊದಲು ಅವನಿಗೆ ಓದೋಕೆ ಕೊಟ್ಟಿದ್ದೆ. ಎರಡು ಸಾಲು ತೆಗೆಸಿದ, ತೆಗೆದಿದ್ದೀನಿ. ರಸೀದಿ ವಿಷಯ ಇರಲಿ ಅಂದ :-)

ದೊಡ್ಡಪ್ಪ, ನಿಮಗೆ ನನ್ನ ಉತ್ತರ ಇದು. 41 ಬಿಲ್ ಕ್ಯಾನ್ಸಲ್ ಮಾಡಿದ್ದರಿಂದ ಅವನ ಭವಿಷ್ಯ ಹಾಳಾಗಿಲ್ಲ. ನಾವೆಲ್ಲ ಸೇರಿ ನಲವತ್ತೆರಡನೆಯದನ್ನ ಕ್ಯಾನ್ಸಲ್ ಮಾಡಿಕೊಟ್ಟಿದ್ದರೆ ಆಗ್ತಿತ್ತು.

ನಿಮ್ಮ ಮನೆಯಲ್ಲಾಗಿದ್ರೆ ಏನು ಮಾಡ್ತಿದ್ರಿ? ನಿಜ ಹೇಳಿ. ಹಾಗೇ, ಬಾಡಿಗೆ ರಸೀದಿ ಯಾರ ಕೈಯಲ್ಲಿ ಬರೆಸ್ತೀರಿ ಅನ್ನೋದನ್ನೂ.