ಅಂಧ ವಿದ್ಯಾರ್ಥಿಗಳೂ ಕನ್ನಡ ಪಠ್ಯಪುಸ್ತಕಗಳೂ

ಅಂಧರಾದ ಮಕ್ಕಳು ಇತರ ಮಕ್ಕಳೊಡನೆ ಒಂದೇ ತರಗತಿಯಲ್ಲಿ ಕುಳಿತು ಕಲಿಯಬೇಕೆಂಬ ತತ್ತ್ವವನ್ನು ಈಗ ಬಹಿರಂಗವಾಗಿ ಅಲ್ಲಗಳೆಯುವವರಿಲ್ಲ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ 18 ವರ್ಷ ತುಂಬುವವರೆಗೆ ಪುಸ್ತಕಗಳನ್ನೂ ತಕ್ಕ ಸಾಧನಗಳನ್ನೂ ಉಚಿತವಾಗಿ ಒದಗಿಸತಕ್ಕದ್ದೆಂದು 2016ರ ಕಾಯಿದೆಯೇ ವಿಧಿಸಿದೆ. ಆದರೆ ಸಾಧನವನ್ನು ಕೊಟ್ಟೊಡನೆ ಕರ್ತವ್ಯವು ಮುಗಿಯಿತೆಂದು ಅಧಿಕಾರಿಗಳು ಭಾವಿಸಿದರೆ ಅದು ಸರಿಯಲ್ಲ.

ಗಣಕಯಂತ್ರದ ತೆರೆಯ ಮೇಲಿನ ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳನ್ನು ವಾಚಕರು ಬಲ್ಲರು. ಆಸ್ಟ್ರೇಲಿಯದ ಅಂಧ ತರುಣರಾದ ಮೈಕೆಲ್ ಕರನ್ ಎಂಬವರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬುದು ಬೆಲೆಯಿಲ್ಲದೆ ದೊರೆಯುತ್ತದೆ, ಕನ್ನಡವನ್ನೂ ಓದಬಲ್ಲದು. ಹೀಗಿರುವಾಗ ಕೊರತೆ ಎಲ್ಲಿ?

ಕೊರತೆಯಿರುವುದು ಪುಸ್ತಕದಲ್ಲಿ. ಹಳೆಯ ನುಡಿ ಮುಂತಾದ ಅಕ್ಷರಶೈಲಿಗಳಲ್ಲಿ ಜೋಡಿಸಿದ ಪುಟವು ಕಣ್ಣಿಗೆ ಕನ್ನಡವಾಗಿ ತೋರಿದರೂ, ಯಂತ್ರದೊಳಗೆ ಅದು ರೋಮನ್ ಸಂಕೇತಗಳ ಗೊಂದಲವಾಗಿರುತ್ತದೆ. ತಂತ್ರಾಂಶವು ಪಾಠಕ್ಕೆ ಬದಲಾಗಿ ಅರ್ಥವಿಲ್ಲದ ಧ್ವನಿಗಳನ್ನು ಉಚ್ಚರಿಸುತ್ತದೆ. ಪುಟದ ಛಾಯಾಚಿತ್ರವನ್ನಷ್ಟೇ ಕೊಟ್ಟರಂತೂ ಅದು ಮೂಕವಾಗುತ್ತದೆ. ಯೂನಿಕೋಡ್ ಸಂಕೇತಕ್ರಮವು 1991ರಿಂದಲೇ ಕನ್ನಡಕ್ಕೆ ಸ್ಥಾನವಿತ್ತಿರುವಾಗ, ಇಂದಿಗೂ ಒಂದೇ ಒಂದು ಪಠ್ಯಪುಸ್ತಕವು ಹಳೆಯ ಕ್ರಮದಲ್ಲಿ ಹೊರಡುವುದಾದರೆ ಅದು ಅಕ್ಷಮ್ಯವೇ ಸರಿ.

ಬ್ರೈಲ್ ಪುಸ್ತಕಗಳಿರುವಾಗ ಇದೆಲ್ಲವೇಕೆ ಎಂದು ಕೆಲವರು ಕೇಳಬಹುದು. ಬ್ರೈಲ್ ಅವಶ್ಯವಾಗಿ ಬೇಕು. ಕಿವಿಯಿಂದಲೇ ಕಲಿತ ಬಾಲಕನಿಗೆ ಒತ್ತಕ್ಷರ, ಕಾಗುಣಿತಗಳು ಚೆನ್ನಾಗಿ ಮನದಟ್ಟಾಗುವುದು ಕಷ್ಟ. ಆದರೆ ಯೂನಿಕೋಡಿನ ಒಂದೇ ಪ್ರತಿಯಿಂದ ಬ್ರೈಲನ್ನೂ ಪಡೆಯಬಹುದು. ಮಂದದೃಷ್ಟಿಯವರಿಗಾಗಿ ಅಕ್ಷರಗಳನ್ನು ಹಿಗ್ಗಿಸಬಹುದು. ಅಕ್ಷರ ಗುರುತಿಸಲು ತೊಡಕುಪಡುವ ಮಕ್ಕಳು ಪಾಠವನ್ನು ನೋಡುತ್ತಲೇ ಕೇಳಬಹುದು. ಒಂದು ಬಾರಿಯ ಶ್ರಮಕ್ಕೆ ಹಲವು ಫಲಗಳು.

ಕಾನೂನಿನ ಅಡ್ಡಿಯೂ ಇಲ್ಲ. ವಿಕಲಚೇತನರ ಉಪಯೋಗಕ್ಕಾಗಿ ಪುಸ್ತಕಗಳನ್ನು ರೂಪಾಂತರಿಸಲು 2012ರ ಕೃತಿಸ್ವಾಮ್ಯ ತಿದ್ದುಪಡಿಯು ಅವಕಾಶವಿತ್ತಿದೆ. ಇದೇ ಉದ್ದೇಶದ ಮರಾಕೆಶ್ ಒಡಂಬಡಿಕೆಯನ್ನು 2014ರಲ್ಲಿ ಎಲ್ಲ ರಾಷ್ಟ್ರಗಳಿಗಿಂತ ಮೊದಲು ಸ್ಥಿರೀಕರಿಸಿದ ಕೀರ್ತಿಯು ಭಾರತದ್ದು. ಜಗತ್ತಿಗೆ ಮಾರ್ಗದರ್ಶನ ಮಾಡಿದ ದೇಶವು ತನ್ನ ಮಕ್ಕಳ ಚೀಲಕ್ಕೆ ಪುಸ್ತಕವನ್ನು ತಲುಪಿಸದಿರಬಹುದೆ?

ಆದುದರಿಂದ ಸರಕಾರದವರಲ್ಲಿ ನಮ್ಮ ಸೂಚನೆಗಳು ಎರಡೇ: ಅಚ್ಚಾದ ಪುಸ್ತಕವು ಶಾಲೆಗೆ ಬರುವ ದಿನವೇ ಅದರ ಯೂನಿಕೋಡ್ ಪ್ರತಿಯೂ ಬರಲಿ, ಅದನ್ನು ಬಳಸುವ ವಿಧಾನವನ್ನು ಉಪಾಧ್ಯಾಯರಿಗೆ ಕಲಿಸಲಿ. ಅಂಧ ಬಾಲಕನು ಬೇಡುತ್ತಿರುವುದು ದಯೆಯನ್ನಲ್ಲ, ನೆರೆಯ ಬಾಲಕನ ಕೈಯಲ್ಲಿರುವ ಪುಸ್ತಕವನ್ನು.